ಕುಂಡದ ಗೋಡೆ ಮುಟ್ಟಿದ ಮೇಲೆ ಬೇರು ಏನು ಮಾಡುತ್ತದೆ?

ತಾರಸಿ ತೋಟ ಮಾಡುವವರು ನಾಲ್ಕು ಜನ ಸೇರಿದರೆ ಮಾತೆಲ್ಲ ಗೊಬ್ಬರದ ಮೇಲೆ. ಎರೆಗೊಬ್ಬರ ಎಷ್ಟು, ಬೇವಿನ ಹಿಂಡಿ ಯಾವಾಗ, ಜೀವಾಮೃತ ಎಲ್ಲಿ ಸಿಗುತ್ತದೆ. ಕುಂಡದ ವಿಷಯ ಬಂದರೆ ಮಾತ್ರ "ಮನೇಲಿ ಇರೋದ್ರಲ್ಲೇ ಹಾಕಿ ಬಿಡಿ" ಅಂತ ಮುಗಿಸಿಬಿಡುತ್ತಾರೆ. ಬೆಂಗಳೂರಿನ ರಾಜಾಜಿನಗರದ ನಮ್ಮ ತಾರಸಿಯಲ್ಲಿ ನಾನು ಕಂಡಿದ್ದು ಬೇರೆ. ಒಂದೇ ಪ್ಯಾಕೆಟ್ಟಿನ ಬೀಜ, ಒಂದೇ ಮಣ್ಣು. ಆದರೂ ಕುಂಡ ಬದಲಾದರೆ ಗಿಡವೇ ಬದಲಾಗುತ್ತದೆ.

ಹಾಗಾಗಿ ಬೆಳೆ ಮುಗಿದ ಗಿಡವನ್ನು ನಾನು ಸುಮ್ನೆ ಕಿತ್ತು ಎಸೆಯುವುದಿಲ್ಲ. ಬುಡ ಸಮೇತ ಹೊರಗೆ ತೆಗೆದು, ಪೈಪಿನಲ್ಲಿ ನೀರು ಬಿಟ್ಟು ಮಣ್ಣು ತೊಳೆದು ಬೇರು ನೋಡುತ್ತೇನೆ. "ಗಿಡಕ್ಕೂ ಪೋಸ್ಟ್‌ಮಾರ್ಟಮ್ ಮಾಡ್ತೀರಲ್ರೀ" ಅಂತ ಪಕ್ಕದ ಮನೆ ಆಂಟಿ ನಗುತ್ತಾರೆ. ನಗಲಿ. ನನಗೆ ಗೊತ್ತಾಗಿರುವುದರಲ್ಲಿ ಹೆಚ್ಚಿನದು ಆ ತೊಳೆದ ಬೇರಿನಿಂದಲೇ.

ಟೊಮೆಟೊ ವಿಷಯ ಹೇಳುತ್ತೇನೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ. ಎಲೆ ಮುದುರು ರೋಗ, ಸೊರಗು ರೋಗ ಎರಡನ್ನೂ ತಡೆದುಕೊಳ್ಳುತ್ತದೆ ಅಂತ ಅದನ್ನೇ ಹಾಕುತ್ತೇನೆ. ರೋಗದ ಗೊಂದಲ ಇಲ್ಲದಿದ್ದರೆ ಕುಂಡದ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಒಂದು ಸಸಿ 20 ಲೀಟರ್ ಪೇಂಟ್ ಬಕೆಟ್ಟಿಗೆ, ಒಂದು 12 ಇಂಚಿನ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಗ್ರೋ ಬ್ಯಾಗಿಗೆ, ಇನ್ನೊಂದು ಅಷ್ಟೇ ಅಳತೆಯ ಬಟ್ಟೆ ಬ್ಯಾಗಿಗೆ.

ಬಕೆಟ್ಟಿನಿಂದ ತೆಗೆದ ಮುದ್ದೆ ಬಕೆಟ್ಟಿನ ಆಕಾರದಲ್ಲೇ ನಿಂತಿತ್ತು. ಹೊರಗೆ ಪೂರ್ತಿ ಬಿಳಿ ಬೇರಿನ ಬಲೆ. ತಳದಲ್ಲಿ ಬೆರಳು ದಪ್ಪದ ಸುರುಳಿ, ಸುತ್ತಿ ಸುತ್ತಿ ಒಂದರ ಮೇಲೊಂದು ಕೂತಿದೆ. ನಡುವಿನ ಮಣ್ಣಿಗೆ ಕೈ ಹಾಕಿದರೆ ಪುಡಿಪುಡಿಯಾಗಿ ಉದುರಿತು. ಅಲ್ಲಿ ಬೇರುಗಳೇ ಹೆಚ್ಚು ಇರಲಿಲ್ಲ. ನಾನು ಹಾಕಿದ ಗೊಬ್ಬರದಲ್ಲಿ ಬಹುಪಾಲು ಆ ನಡುವಿನ ಮಣ್ಣಲ್ಲೇ ಉಳಿದಿತ್ತು ಅಂತ ಕಾಣುತ್ತದೆ.

ಬಟ್ಟೆ ಬ್ಯಾಗಿನದು ಹಾಗಿರಲಿಲ್ಲ. ದಪ್ಪ ಬೇರು ಕಡಿಮೆ, ಕೂದಲೆಳೆಯಂಥ ಬೇರು ಜಾಸ್ತಿ, ಅದೂ ನಡುವಿನವರೆಗೆ. ಗೋಡೆ ಹತ್ತಿರ ಬಂದ ತುದಿಗಳು ಅಲ್ಲೇ ಮೊಂಡಾಗಿ ನಿಂತಿದ್ದವು. ಬಟ್ಟೆಯ ಬಳಿ ಗಾಳಿ ತಾಗಿ ಬೇರಿನ ತುದಿ ಒಣಗುತ್ತದೆ. ತುದಿ ಹೋದರೆ ಹಿಂದಿನಿಂದ ಕವಲು ಬೇರು ಹೊರಡುತ್ತದೆ. ತುಳಸಿ ಕುಡಿ ಚಿವುಟಿದರೆ ಪಕ್ಕದಲ್ಲಿ ಚಿಗುರುತ್ತದಲ್ಲ, ಅದೇ ಲೆಕ್ಕ. ನುಣುಪಾದ ಪ್ಲಾಸ್ಟಿಕ್ ಗೋಡೆಯಲ್ಲಿ ತುದಿ ಸಾಯುವುದಿಲ್ಲ. ದಾರಿ ಸಿಗುವವರೆಗೆ ಗೋಡೆ ಹಿಡಿದು ಸುತ್ತುತ್ತದೆ. ಎಚ್‌ಡಿಪಿಇ ಬ್ಯಾಗ್ ನೋಡಲು ಹೆಣೆದ ಚೀಲದ ಹಾಗಿದ್ದರೂ ಮೇಲೆ ಪ್ಲಾಸ್ಟಿಕ್ ಲೇಪ ಇರುತ್ತದೆ. ಬೇರಿನ ಮಟ್ಟಿಗೆ ಅದಕ್ಕೂ ಬಕೆಟ್ಟಿಗೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಹಾಗಂತ ಎಲ್ಲರೂ ಬಟ್ಟೆ ಬ್ಯಾಗೇ ತನ್ನಿ ಅಂತ ನಾನು ಹೇಳುವುದಿಲ್ಲ. ಏಪ್ರಿಲ್ ಬಿಸಿಲಿಗೆ ಅದು ಸುತ್ತಲಿಂದಲೂ ಒಣಗುತ್ತದೆ, ದಿನಕ್ಕೆರಡು ಸಲ ನೀರು ಬೇಕು. ನಮ್ಮದು ಬೋರ್‌ವೆಲ್ ನೀರು. ಗಡಸು ನೀರಾದ್ದರಿಂದ ಬ್ಯಾಗಿನ ಹೊರಗೆ ಬಿಳಿ ಉಪ್ಪು ಕಟ್ಟುತ್ತದೆ. ಮಣ್ಣಿನ ಕುಂಡಕ್ಕೂ ಇದೇ ಪಾಡು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಆದೇಶ ಬಂದಿತ್ತಲ್ಲ, ಆಗ ಅಕ್ಕಿ, ತರಕಾರಿ ತೊಳೆದ ನೀರಿನಲ್ಲೇ ತೋಟ ನಡೆಯಬೇಕಾಯಿತು. ಆ ಎರಡು ತಿಂಗಳು ಜೀವ ಹಿಡಿದುಕೊಂಡಿದ್ದು ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನ ಗಿಡಗಳು. ಬಟ್ಟೆ ಬ್ಯಾಗಿನವು ಮಧ್ಯಾಹ್ನಕ್ಕೇ ತಲೆ ಬಾಗಿಸುತ್ತಿದ್ದವು.

ಇನ್ನು ಅಳತೆ. 12 ಇಂಚು ಅಗಲ, 12 ಇಂಚು ಎತ್ತರದ ಬ್ಯಾಗ್ ಸುಮಾರು 22 ಲೀಟರ್ ಹಿಡಿಯುತ್ತದೆ. 15 ಇಂಚಿನದು 43 ಲೀಟರ್. ಮೂರೇ ಇಂಚು ಹೆಚ್ಚು, ಮಣ್ಣು ಮಾತ್ರ ಹೆಚ್ಚುಕಡಿಮೆ ಡಬಲ್. ಅಂಗಡಿಯಲ್ಲಿ ಇಂಚು ನೋಡಿ ಕೊಳ್ಳುವವರಿಗೆ ಇದು ತಲೆಗೆ ಹೋಗುವುದಿಲ್ಲ. ಕುಂಡದ ಗಾತ್ರದ ಬಗ್ಗೆ ನಡೆದ 65 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಲೇಖನವೊಂದು 2012ರಲ್ಲಿ ಬಂತು. ಕುಂಡದ ಗಾತ್ರ ಎರಡರಷ್ಟಾದರೆ ಗಿಡದ ಒಟ್ಟು ತೂಕ ಸರಾಸರಿ ಶೇ 43ರಷ್ಟು ಹೆಚ್ಚುತ್ತದೆ ಎಂಬುದು ಅದರ ಲೆಕ್ಕ. ನಮ್ಮ ಬದನೆ ಗಿಡಗಳನ್ನು ನೋಡಿದರೆ ನಂಬಬಹುದು ಅನಿಸುತ್ತದೆ. 12 ಇಂಚಿನ ಬ್ಯಾಗಿನಲ್ಲಿ ಬದನೆ ಒಂದು ಸುತ್ತು ಕಾಯಿ ಬಿಟ್ಟು ಸುಸ್ತಾಗುತ್ತದೆ. 15ರಲ್ಲಿ ಕತ್ತರಿಸಿ ಬಿಟ್ಟರೆ ಮತ್ತೆ ಚಿಗುರಿ ಕಾಯಿ ಕೊಡುತ್ತದೆ.

ಆದರೆ ತೂಕ ನೆನಪಿರಲಿ. 15 ಇಂಚಿನ ಬ್ಯಾಗಿಗೆ ಬರೀ ಕೆಂಪು ಮಣ್ಣು ತುಂಬಿ ನೀರು ಹಾಕಿದರೆ 70 ಕಿಲೋ ಆಸುಪಾಸು. ಹಳೇ ಮನೆಯ ತಾರಸಿ ನಡುವೆ ಸಾಲಾಗಿ ಇಡುವುದು ಒಳ್ಳೆಯದಲ್ಲ. ನಾನು ಹಗುರವಾದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ, ತೊಲೆ ಇರುವ ಕಡೆ, ಗೋಡೆ ಪಕ್ಕ ಮಾತ್ರ ಇಡುತ್ತೇನೆ.

ಲೀಟರಿಗಿಂತ ನಾನು ಈಗ ಹೆಚ್ಚು ಗಮನ ಕೊಡುವುದು ಎತ್ತರಕ್ಕೆ. ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಪಾತ್ರೆ ತೊಳೆಯುವ ಸ್ಪಂಜನ್ನು ಪೂರ್ತಿ ನೆನೆಸಿ ಅಡ್ಡ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕಿ ಒಂದು ಹಂತಕ್ಕೆ ನಿಲ್ಲುತ್ತದೆ. ಈಗ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ಎತ್ತರ ಮಾತ್ರ ಬೇರೆ. ಕುಂಡದ ತಳದಲ್ಲೂ ಹೀಗೇ ಒಂದಿಷ್ಟು ನೀರು ಮಣ್ಣಿನಲ್ಲೇ ನಿಲ್ಲುತ್ತದೆ, ತೂತು ಎಷ್ಟೇ ಇರಲಿ. ಆ ಒದ್ದೆ ಪದರ ಎಷ್ಟು ದಪ್ಪ ಅನ್ನುವುದು ಮಣ್ಣಿನ ಗುಣದ ಮೇಲೆ ಹೋಗುತ್ತದೆ, ಕುಂಡದ ಅಗಲದ ಮೇಲಲ್ಲ. ಎರಡು ಇಂಚು ಒದ್ದೆ ನಿಲ್ಲುವ ಮಣ್ಣು ಅಂದುಕೊಳ್ಳಿ. 6 ಇಂಚು ಎತ್ತರದ ಟ್ರೇನಲ್ಲಿ ಮೂರನೇ ಒಂದು ಭಾಗ ಕೆಸರು, 15 ಇಂಚು ಎತ್ತರದ ಬ್ಯಾಗಿನಲ್ಲಿ ಬರೀ ತಳ. ಬೇರಿಗೆ ಗಾಳಿ ಸಿಗದಿದ್ದರೆ ಕೊಳೆಯುತ್ತದೆ. ಮಳೆಗಾಲದಲ್ಲಿ ಅಗಲವಾದ ಟ್ರೇನ ಮೆಣಸಿನ ಗಿಡ ಹಳದಿಯಾಗಿ ನಿಂತಿರುವುದು, ಪಕ್ಕದ ಎತ್ತರದ ಬ್ಯಾಗಿನಲ್ಲಿ ಅದೇ ಗಿಡ ಹಸಿರಾಗಿರುವುದು ಇದಕ್ಕೇ.

ತಳಕ್ಕೆ ಜಲ್ಲಿ, ಹೆಂಚಿನ ಚೂರು ಹಾಕಿದರೆ ನೀರು ಬೇಗ ಇಳಿಯುತ್ತದೆ ಅಂತ ಹಿಂದಿನಿಂದ ಮಾಡಿಕೊಂಡು ಬಂದಿದ್ದಾರೆ. ಇಳಿಯುವುದಿಲ್ಲ. ಆ ಒದ್ದೆ ಪದರ ಜಲ್ಲಿಯ ಮೇಲೆ ಬಂದು ಕೂರುತ್ತದೆ, ಬೇರಿಗೆ ಇರುವ ಜಾಗ ಅಷ್ಟು ಕಡಿಮೆಯಾಗುತ್ತದೆ. ತೂತಿನಿಂದ ಮಣ್ಣು ಹೋಗದಿರಲು ಒಂದು ಸೊಳ್ಳೆ ಪರದೆ ತುಂಡು ಸಾಕು.

ಸೊಪ್ಪಿಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಬೇಡ. ಮೆಂತ್ಯ, ಕೊತ್ತಂಬರಿ, ದಂಟು 6 ಇಂಚು ಮಣ್ಣಿದ್ದರೆ ಬರುತ್ತವೆ.

ಬಿಸಿಲಿನ ಮಾತು ಬೇರೆ. ಕಪ್ಪು ಕವರಿನ ಗಿಡ ತೊಳೆದಾಗ ಪಶ್ಚಿಮಕ್ಕೆ ಮುಖ ಮಾಡಿದ್ದ ಕಡೆ ಬೇರು ಕಂದಾಗಿ ಬೆಂದ ಹಾಗೆ, ಉಳಿದ ಮೂರು ಕಡೆ ಬೆಳ್ಳಗೆ ಇರುತ್ತದೆ. ಗೋಡೆ ಪಕ್ಕ ಹೆಣೆದುಕೊಂಡ ಬೇರಿಗೆ ಇದು ದೊಡ್ಡ ಪೆಟ್ಟು, ಯಾಕೆಂದರೆ ಅದರ ಬಹುಪಾಲು ಇರುವುದೇ ಅಲ್ಲಿ. ಕುಂಡಗಳನ್ನು ಒತ್ತಾಗಿ ಇಟ್ಟು, ಪಶ್ಚಿಮದ ಸಾಲಿಗೆ ಖಾಲಿ ಗೋಣಿ ಚೀಲ ಸುತ್ತುತ್ತೇನೆ.

ವರ್ಷಗಟ್ಟಲೆ ಇರುವ ಗಿಡಕ್ಕೆ ಸುತ್ತಿದ ಬೇರು ಇನ್ನೂ ಕೆಟ್ಟದ್ದು. ಟೊಮೆಟೊ ನಾಲ್ಕು ತಿಂಗಳಿಗೆ ಮುಗಿಯುತ್ತದೆ, ಕರಿಬೇವು, ನಿಂಬೆ ಹಾಗಲ್ಲ. ನರ್ಸರಿಯಲ್ಲಿ ಬಹಳ ದಿನ ಕವರಿನಲ್ಲೇ ಇದ್ದ ಗಿಡದ ತಳದಲ್ಲಿ ಸುರುಳಿ ಆಗಲೇ ಗಟ್ಟಿ ಕಟ್ಟಿಗೆಯಾಗಿರುತ್ತದೆ. ಹಾಗೇ ನೆಟ್ಟರೆ ದೊಡ್ಡ ಡ್ರಮ್ಮಿನಲ್ಲೂ ಅದೇ ಸುರುಳಿ ದಪ್ಪವಾಗುತ್ತಾ ಹೋಗುತ್ತದೆ. ಲಾಲ್‌ಬಾಗ್ ಹತ್ತಿರದ ಸಿದ್ದಾಪುರದ ನರ್ಸರಿಗಳಿಗೆ ಗಿಡ ತರಲು ಹೋದಾಗ ನಾನು ಕವರಿನ ತಳ ಒತ್ತಿ ನೋಡುತ್ತೇನೆ. ಕಲ್ಲಿನ ಹಾಗಿದ್ದರೆ ಚಿಕ್ಕ ಗಿಡವನ್ನೇ ಆರಿಸುತ್ತೇನೆ. ಬೇರೆ ಸಿಗದಿದ್ದರೆ, ಜೂನ್ ಮಳೆ ಹಿಡಿದ ಮೇಲೆ ತಳದ ಸುರುಳಿಯನ್ನು ಬ್ಲೇಡಿನಲ್ಲಿ ಕತ್ತರಿಸಿ, ಪಕ್ಕದಲ್ಲಿ ಮೂರು ಕಡೆ ಮೇಲಿಂದ ಕೆಳಕ್ಕೆ ಗೀರಿ, ವಾರ ನೆರಳಲ್ಲಿಡುತ್ತೇನೆ. ಎಲೆ ಸ್ವಲ್ಪ ಉದುರುತ್ತದೆ, ಗಾಬರಿ ಬೇಡ.

ಈಗ ನಿಂಬೆ, ಕರಿಬೇವಿಗೆ ಜಾಲಿ ಮೊಹಲ್ಲಾದ ಗುಜರಿಯಿಂದ ತಂದ 200 ಲೀಟರ್ ನೀಲಿ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು ಬಳಸುತ್ತಿದ್ದೇನೆ. ಮೊದಲು ಏನಿತ್ತು ಅಂತ ಕೇಳಿಯೇ ತನ್ನಿ, ಕೆಮಿಕಲ್ ಡ್ರಮ್ಮು ಬೇಡ. ತೂತು ತಳಕ್ಕೂ ಹಾಕಿ, ತಳದಿಂದ ಒಂದು ಇಂಚು ಮೇಲೆ ಪಕ್ಕದಲ್ಲೂ ಹಾಕಿ, ಇಟ್ಟಿಗೆ ಮೇಲೆ ಕೂರಿಸಿ. ತಾರಸಿಗೆ ಅಂಟಿಕೊಂಡರೆ ತೂತು ಇದ್ದೂ ಇಲ್ಲದ ಹಾಗೆ. ಪಾಟರಿ ಟೌನಿನ ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು ಇರುವ ಮಣ್ಣಿನ ಕುಂಡಗಳು ನೋಡಲು ಚೆಂದ, ನಮ್ಮ ಬಾಗಿಲಲ್ಲೂ ಒಂದಿದೆ. ಅದರಲ್ಲಿ ದೊಡ್ಡಪತ್ರೆ ಹಾಕಿದ್ದೇನೆ, ಕಡ್ಡಿ ಮುರಿದು ನೆಟ್ಟರೆ ಮತ್ತೆ ಬರುತ್ತದೆ. ಬೇರು ಸಮೇತ ಹೊರಗೆ ತೆಗೆಯಬೇಕಾದ ಗಿಡ ಅದಕ್ಕೆ ಹಾಕಿದರೆ ಕುಂಡ ಒಡೆಯಬೇಕು, ಇಲ್ಲ ಬೇರು ಕುಯ್ಯಬೇಕು.