ಬಾಟಲಿ ಬಿಟ್ಟ, ಅವಳ ಫೋನ್ ಬಿಡಲಿಲ್ಲ

ಕೌನ್ಸೆಲಿಂಗ್ ಕೆಲಸಕ್ಕೆ ಬಂದ ಹೊಸದರಲ್ಲಿ ನನ್ನ ಲೆಕ್ಕ ತುಂಬಾ ಸುಲಭವಾಗಿತ್ತು. ಹುಡುಗ ಕುಡೀತಾನೆ, ಕುಡಿದಾಗ ಹೊಡೀತಾನೆ. ಕುಡಿತ ಬಿಡಿಸಿದರೆ ಹೊಡೆತವೂ ನಿಲ್ಲುತ್ತದೆ, ಅಲ್ವಾ? ಆ ಲೆಕ್ಕ ತಪ್ಪು ಅಂತ ತೋರಿಸಿಕೊಟ್ಟವನು 26 ವರ್ಷದ ಒಬ್ಬ ಹುಡುಗ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಹೆಂಡತಿಯೇ ಕರೆದುಕೊಂಡು ಬಂದಿದ್ದಳು. ಕುಡಿತ ಎಷ್ಟು ಅಪಾಯಕ್ಕೆ ಹೋಗಿದೆ ಅಂತ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಪ್ರಶ್ನಾವಳಿ ಕೊಟ್ಟೆ. 10 ಪ್ರಶ್ನೆ, ಒಟ್ಟು 40 ಅಂಕ; 8 ಬಂದರೇ ಹುಷಾರಾಗಬೇಕು. ಅವನಿಗೆ 23 ಬಂತು. ಬೆಳಿಗ್ಗೆ ಕೈ ನಡುಗುತ್ತೆ ಅಂತಲೂ ಹೇಳಿದ. ಅದಕ್ಕೇ ‘ನಾಳೆಯಿಂದ ಬಿಟ್ಟುಬಿಡು’ ಅನ್ನಲಿಲ್ಲ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದೆಲ್ಲ ಕಾಣಿಸಿ, ತಲೆ ಕೆಟ್ಟಂತಾಗಿ, ಜೀವಕ್ಕೇ ಕುತ್ತು ಬರಬಹುದು. ಡಾಕ್ಟರ ಹತ್ತಿರ ಕಳಿಸಿದೆ. ಮೂರು ತಿಂಗಳು ಒಂದು ಹನಿ ಮುಟ್ಟಲಿಲ್ಲ. ನಾನು ಒಳಗೊಳಗೇ ಬೀಗುತ್ತಿದ್ದೆ.

ಆಗ ಅವಳು ಒಬ್ಬಳೇ ಬಂದಳು. “ಮೊದಲಾದ್ರೆ ಕುಡಿದು ಮಲಗ್ತಿದ್ರು ಮೇಡಂ, ಅಷ್ಟೊತ್ತಾದ್ರೂ ನೆಮ್ಮದಿ ಇರ್ತಿತ್ತು. ಈಗ ರಾತ್ರಿಯಿಡೀ ಎಚ್ಚರ. ನನ್ನ ಫೋನ್ ಹಿಡ್ಕೊಂಡು ಕೂತಿರ್ತಾರೆ.”

ಅವಳು ಬಂದಿದ್ದ ವಿಷಯ ಅವನ ಮುಂದೆ ಎತ್ತಲಿಲ್ಲ. ಮುಂದಿನ ವಾರ ಸುಮ್ನೆ ಕೇಳಿದೆ, “ಕುಡಿದು ಸಿಟ್ಟು ಬಂದಾಗ ಏನೇನು ಒಡೆದಿದ್ದೀಯಪ್ಪಾ?”

“ಅವಳ ಫೋನು, ಎರಡು ಸಲ. ಅವಳ ಕನ್ನಡಕ.”

“ನಿನ್ನದು?”

ಅಲ್ಲಿವರೆಗೆ ತನ್ನ ಫೋನನ್ನು ಮೇಜಿನ ಮೇಲೆ ತಿರುಗಿಸುತ್ತಾ ಕೂತಿದ್ದವನ ಕೈ ನಿಂತಿತು. ನಾಲ್ಕು ವರ್ಷದ ಹಳೇ ಫೋನು, ಮೇಲೆ ಒಂದು ಗೀರಿಲ್ಲ.

“ಬಾಸ್‌ಗೆ ಯಾವತ್ತಾದ್ರೂ ಕೈ ಎತ್ತಿದ್ದೀಯಾ?”

“ಛೇ, ಕೆಲಸ ಹೋಗುತ್ತಲ್ಲ ಮೇಡಂ.”

ಕುಡಿತದ ಪಾತ್ರ ಇಲ್ಲ ಅಂತಲ್ಲ. 1990ರಲ್ಲಿ ಸ್ಟೀಲ್ ಮತ್ತು ಜೋಸೆಫ್ಸ್ ಎಂಬ ಮನೋವಿಜ್ಞಾನಿಗಳು ಇದನ್ನು ಅಮಲಿನ ಸಮೀಪದೃಷ್ಟಿ ಅಂತ ವಿವರಿಸಿದ್ದರು. ಅಮಲಿನಲ್ಲಿ ಎದುರಿಗಿರುವುದಷ್ಟೇ ಕಾಣುತ್ತದೆ, ನಾಳೆ ಕಾಣುವುದಿಲ್ಲ. ಏಟು ಜೋರಾಗುವುದು ಅದಕ್ಕೇ. ಆದರೆ ಯಾರಿಗೆ ಹೊಡೆದರೆ ನಡೆಯುತ್ತದೆ ಅನ್ನುವುದು ಮೊದಲ ಪೆಗ್ಗಿಗೂ ಮುಂಚೆಯೇ ತೀರ್ಮಾನವಾಗಿರುತ್ತದೆ.

ಹಾಗಾದರೆ ಅವಳು ಯಾಕೆ ಬಿಟ್ಟುಹೋಗಲಿಲ್ಲ? ಈ ಪ್ರಶ್ನೆ ಕೇಳುವವರು ಜಾಸ್ತಿ. ಬಿಗುವು, ಹೊಡೆತ, ಆಮೇಲೆ ಅಳು ಮತ್ತು ಮುದ್ದು, ಹೀಗೊಂದು ಚಕ್ರವನ್ನು ಅಮೆರಿಕದ ಮನೋವಿಜ್ಞಾನಿ ಲೆನೋರ್ ವಾಕರ್ 1979ರಲ್ಲೇ ಗುರುತಿಸಿದ್ದರು. ನಾನು ನೋಡಿದ ಎಲ್ಲ ಮನೆಗಳಲ್ಲೂ ಅದು ಅಷ್ಟು ಅಚ್ಚುಕಟ್ಟಾಗಿ ತಿರುಗುವುದಿಲ್ಲ. ಕೆಲವು ಕಡೆ ಮುದ್ದಿನ ಭಾಗವೇ ಇಲ್ಲ. ಇರುವ ಕಡೆ ಮಾತ್ರ ಅದು ಜೂಜಿನ ಹಾಗೆ ಹಿಡಿಯುತ್ತದೆ. ಯಾವ ದಿನ ಒಳ್ಳೆಯವನಾಗಿರುತ್ತಾನೋ ಗೊತ್ತಿಲ್ಲ, ಅದಕ್ಕೇ ಕಾಯುವುದು ತಪ್ಪುವುದಿಲ್ಲ. ‘ಬಿಟ್ಟು ಬಾ’ ಅಂತ ನಾನೂ ಸುಲಭವಾಗಿ ಹೇಳುವುದಿಲ್ಲ. ಬಿಟ್ಟುಹೋಗುವ ಹೊತ್ತಿನಲ್ಲೇ ಏಟಿನ ಅಪಾಯ ಹೆಚ್ಚು. ಮೊದಲು ಹೋಗಲು ಜಾಗ, ಕೈಯಲ್ಲಿ ದುಡ್ಡು, ವಿಷಯ ಗೊತ್ತಿರುವ ಒಬ್ಬರು ಇರಬೇಕು.

ಈಗ ಇಬ್ಬರನ್ನೂ ಬೇರೆ ಬೇರೆ ದಿನ ನೋಡುತ್ತೇನೆ. ಹೊಡೆತ ನಡೆಯುತ್ತಿರುವಾಗ ಜೋಡಿಯಾಗಿ ಕೂರಿಸಿದರೆ, ಇಲ್ಲಿ ಅವಳು ಆಡಿದ ಮಾತಿಗೆ ಮನೆಯಲ್ಲಿ ಲೆಕ್ಕ ತೀರುತ್ತದೆ. ಶುರುವಿನಲ್ಲಿ ನಾನೇ ಆ ತಪ್ಪು ಮಾಡಿದ್ದೇನೆ. ಪುಸ್ತಕದಲ್ಲಿ ಎರಡು ಪುಟ ಇಡುತ್ತೇನೆ, ಒಂದು ಕುಡಿತದ್ದು, ಇನ್ನೊಂದು ಹಿಡಿತದ್ದು.

ಆ ಪ್ರಶ್ನೆಗಳಾದ ಮೇಲೆ ಹುಡುಗ ಐದು ವಾರ ತಲೆ ಹಾಕಲಿಲ್ಲ. ಕಳೆದುಕೊಂಡೆ ಅಂದುಕೊಂಡೆ. ಆಮೇಲೆ ಬಂದ. “ಪಾಸ್‌ವರ್ಡ್ ಬದಲಾಯಿಸ್ಕೊಂಡಿದ್ದಾಳೆ ಮೇಡಂ. ಏನು ಅಂತ ನಾನು ಕೇಳಲಿಲ್ಲ” ಅಂದ.

ಎರಡನೇ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡೆ. ಅವಳ ಸರದಿ ಗುರುವಾರ ಇತ್ತು. ಅವಳೂ ಹೌದು ಅಂದ ಮೇಲೆ ಪೆನ್ನಿನಲ್ಲಿ ತಿದ್ದಿದೆ.