ಗ್ರ್ಯಾಂಪ್ಸ್‌ನಲ್ಲಿ ಕಾಣೆಯಾದ ಫೋಟೋಗಳು ಮರಳಿ ಬಂದದ್ದು ಹೀಗೆ

ಫೋಟೋ ಫೋಲ್ಡರನ್ನು ಡಿ ಡ್ರೈವಿನಿಂದ ಇ ಡ್ರೈವಿಗೆ ಸಾಗಿಸಿದ ಮೇಲೆ, ವಂಶವೃಕ್ಷ ದಾಖಲಿಸುವ ಗ್ರ್ಯಾಂಪ್ಸ್ ತಂತ್ರಾಂಶದಲ್ಲಿ ಹೆಸರುಗಳಷ್ಟೇ ಉಳಿದವು. ಅಜ್ಜಿಯ ಮದುವೆ ಫೋಟೋ ಇದ್ದ ಕಡೆ ಬರೀ ಚಿಹ್ನೆ.

ಒಂದೊಂದನ್ನೇ ಮತ್ತೆ ಸೇರಿಸಿದೆ. ಹಳೆಯದೂ ಉಳಿದು ಎರಡೆರಡಾಯ್ತು. ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ಬೇಸ್ ಪಾತ್ (ಫೋಟೋಗಳ ಮೂಲ ಫೋಲ್ಡರಿನ ವಿಳಾಸ) ಮಾತ್ರ ಬದಲಿಸಿದರೂ ಆಗಲಿಲ್ಲ. ಪ್ರತಿ ಫೋಟೋಗೂ 'ಡಿ'ಯಿಂದ ಶುರುವಾಗುವ ಪೂರ್ತಿ ಪಾತ್ ದಾಖಲಾಗಿತ್ತಲ್ವಾ, ಅದಕ್ಕೆ.

ಸರಿಹೋದದ್ದು ಈ ಕ್ರಮದಲ್ಲಿ. ಮೊದಲು ಬ್ಯಾಕಪ್, ಇದನ್ನು ಬಿಡಲೇಬೇಡಿ. ಆಮೇಲೆ ಟೂಲ್ಸ್, ಯುಟಿಲಿಟೀಸ್, ಮೀಡಿಯಾ ಮ್ಯಾನೇಜರ್. ಅಲ್ಲಿ 'ರಿಪ್ಲೇಸ್ ಸಬ್‌ಸ್ಟ್ರಿಂಗ್ಸ್' ಆರಿಸಿ, ಮೇಲಿನ ಖಾನೆಯಲ್ಲಿ ಹಳೆಯ ಪಾತ್, ಕೆಳಗೆ ಹೊಸದು. ಹಳೆಯ ಪಾತ್ ದಾಖಲಾದ ಹಾಗೇ ಅಕ್ಷರಶಃ ಇರಬೇಕು, ನಡುವಿನ ಓರೆಗೆರೆಯ (/ ಅಥವಾ \) ದಿಕ್ಕೂ ಸಹ. ನನ್ನದು ಒಮ್ಮೆ ತಪ್ಪಿದ್ದು ಅಲ್ಲೇ. ಬದಲಾಗುವ ಪಾತ್‌ಗಳ ಪಟ್ಟಿ ನೋಡಿಯೇ ಅಪ್ಲೈ ಒತ್ತಿ.

ಕೊನೆಗೆ ಬೇಸ್ ಪಾತ್‌ಗೆ ಹೊಸ ಫೋಲ್ಡರ್ ಕೊಟ್ಟು, ಅದೇ ಮ್ಯಾನೇಜರ್‌ನಲ್ಲಿ 'ಆಬ್ಸಲ್ಯೂಟ್ ಟು ರಿಲೇಟಿವ್' ನಡೆಸಿ. ಆಗ ಪೂರ್ತಿ ಪಾತ್ ಬದಲು ಬೇಸ್ ಪಾತ್‌ನಿಂದ ಮುಂದಿನ ಭಾಗವಷ್ಟೇ ದಾಖಲಾಗುತ್ತದೆ. ಮುಂದೆ ಫೋಲ್ಡರ್ ಸಾಗಿಸಿದರೆ ಬೇಸ್ ಪಾತ್ ಒಂದನ್ನೇ ಬದಲಿಸಿದರೆ ಸಾಕು.