ಉದ್ಯಾನದಲ್ಲಿ ಹಕ್ಕಿ ಫೋಟೊ: ಮೊದಲು ಹಿನ್ನೆಲೆ, ಆಮೇಲೆ ಹಕ್ಕಿ

ನಗರದ ಉದ್ಯಾನದ ಹಕ್ಕಿಗಳಿಗೆ ಜನರ ಓಡಾಟ ರೂಢಿಯಾಗಿರುತ್ತದೆ. ಊರಾಚೆಯ ಕೆರೆಯಲ್ಲಿ ಮನುಷ್ಯರ ಸುಳಿವು ಸಿಕ್ಕೊಡನೆ ಏಳುವ ಬಕ ಇಲ್ಲಿ ಎಂಟು-ಹತ್ತು ಮೀಟರ್ ಹತ್ತಿರಕ್ಕೆ ಬಂದರೂ ನಿಂತೇ ಇರುತ್ತದೆ. ಹಾಗಾಗಿ ಹತ್ತಿರ ಹೋಗುವುದು ಇಲ್ಲಿ ದೊಡ್ಡ ಸವಾಲಲ್ಲ. ಚಿತ್ರ ಕೆಡಿಸುವುದು ಹಕ್ಕಿಯ ಹಿಂದೆ ಕಾಣುವ ಬೇಲಿ, ಬೆಂಚು, ಕಸದ ಡಬ್ಬಿ, ಬಣ್ಣದ ಅಂಗಿ ತೊಟ್ಟು ನಡೆಯುವವರು. ಆದ್ದರಿಂದ ಮೊದಲು ಹಿನ್ನೆಲೆ ಆರಿಸಿಕೊಳ್ಳಿ, ಅಲ್ಲಿಗೆ ಹಕ್ಕಿ ಬರುವ ತನಕ ಕಾಯಿರಿ. ದಿನವಿಡೀ ಹಕ್ಕಿಗಳ ಬೆನ್ನುಹತ್ತುವುದಕ್ಕಿಂತ ಎರಡು-ಮೂರು ಒಳ್ಳೆಯ ಜಾಗಗಳಲ್ಲಿ ಕೂರುವುದು ಹೆಚ್ಚು ಫಲ ಕೊಡುತ್ತದೆ.

ಏನೇನು ಬೇಕು

400 ಮಿ.ಮೀ. ತಲುಪುವ ಲೆನ್ಸ್ ಇದ್ದರೆ ಉದ್ಯಾನಕ್ಕೆ ಸಾಕು. ಲೆಕ್ಕ ಸರಳ: 15 ಸೆಂ.ಮೀ. ಉದ್ದದ ಹಕ್ಕಿ 10 ಮೀಟರ್ ದೂರದಲ್ಲಿದ್ದರೆ 400 ಮಿ.ಮೀ. ಲೆನ್ಸ್ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ) ಮೇಲೆ ಅದನ್ನು 6 ಮಿ.ಮೀ. ಉದ್ದಕ್ಕೆ ಮೂಡಿಸುತ್ತದೆ. ಫುಲ್‌ಫ್ರೇಮ್ ಸೆನ್ಸರಿನ ಎತ್ತರ 24 ಮಿ.ಮೀ., ಅಂದರೆ ಚೌಕಟ್ಟಿನ ಎತ್ತರದ ಕಾಲುಭಾಗ. ಇದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಆದರೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ದೂರವನ್ನು 5 ಮೀಟರಿಗೆ ಇಳಿಸಿದರೆ ಗಾತ್ರ ಎರಡರಷ್ಟಾಗುತ್ತದೆ. ಹೊಸ ಲೆನ್ಸ್ ಕೊಳ್ಳುವ ಮುನ್ನ ಈ ಲೆಕ್ಕ ಹಾಕಿ ನೋಡಿ. ಅನೇಕ ವೇಳೆ ಬೇಕಾಗಿರುವುದು ಉದ್ದನೆಯ ಲೆನ್ಸ್ ಅಲ್ಲ, ಇನ್ನಷ್ಟು ತಾಳ್ಮೆ.

ಎರಡು ಬ್ಯಾಟರಿ, ಎರಡು ಮೆಮೊರಿ ಕಾರ್ಡ್, ಮೊಣಕೈ ಊರಿ ಮಲಗಲು ಒಂದು ದಪ್ಪ ಬಟ್ಟೆ ಅಥವಾ ಚಾಪೆ, ಲೆನ್ಸ್ ಒರೆಸುವ ಬಟ್ಟೆ ಜೊತೆಗಿರಲಿ. ಕೆಲವು ಉದ್ಯಾನಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕಾಗುತ್ತದೆ, ಮೊದಲೇ ವಿಚಾರಿಸಿಕೊಳ್ಳಿ. ತಂಪಾದ ಕೋಣೆಯಿಂದ ಸೆಕೆಯ ಬಯಲಿಗೆ ಕ್ಯಾಮೆರಾ ತಂದರೆ ಗಾಜಿನ ಮೇಲೆ ತೇವ ಕೂರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ಚೀಲದ ಜಿಪ್ ತೆರೆಯದೆ 20-30 ನಿಮಿಷ ಹೊರಗಿಟ್ಟು ಆಮೇಲೆ ತೆಗೆಯಿರಿ.

ಜಾಗ ಆರಿಸುವುದು

ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಒಳಗಿರಿ. ಹುಟ್ಟಿದ ಮೇಲಿನ ಎರಡು ಗಂಟೆಯ ಓರೆ ಬೆಳಕಿನಲ್ಲಿ ಹಕ್ಕಿಯ ಕಣ್ಣಿನಲ್ಲಿ ಮಿಂಚು ಮೂಡುತ್ತದೆ, ಗರಿಯ ಎಳೆ ಎಳೆ ಕಾಣುತ್ತದೆ.

ನಿಲ್ಲುವ ಕಡೆ ಸೂರ್ಯ ನಿಮ್ಮ ಬೆನ್ನಿಗಿರಲಿ. ಗಾಳಿಯೂ ಬೆನ್ನ ಕಡೆಯಿಂದ ಬೀಸುತ್ತಿದ್ದರೆ ಇನ್ನೂ ಒಳ್ಳೆಯದು. ಹಕ್ಕಿಗಳು ಗಾಳಿಗೆ ಎದುರಾಗಿಯೇ ಏಳುತ್ತವೆ, ಎದುರಾಗಿಯೇ ಇಳಿಯುತ್ತವೆ; ಕೂತಾಗಲೂ ಸಾಮಾನ್ಯವಾಗಿ ಗಾಳಿಗೆ ಮುಖ ಕೊಡುತ್ತವೆ. ಗಾಳಿ ನಿಮ್ಮ ಎದುರಿನಿಂದ ಬಂದರೆ ಬಾಲದ ಚಿತ್ರಗಳೇ ರಾಶಿ ಬೀಳುತ್ತವೆ. ಬಿಸಿಲು ಒಂದು ಕಡೆ, ಗಾಳಿ ಇನ್ನೊಂದು ಕಡೆಯಾದರೆ ಬಿಸಿಲಿಗೇ ಆದ್ಯತೆ ಕೊಡಿ; ಗಾಳಿ ಅಡ್ಡಲಾಗಿ ಬೀಸುವ ಜಾಗ ಹುಡುಕಿದರೆ ಹಕ್ಕಿಯ ಪಕ್ಕನೋಟವಾದರೂ ಸಿಗುತ್ತದೆ.

ಇನ್ನು ಹಿನ್ನೆಲೆ. ಹಕ್ಕಿ ಕೂರುವ ಕೊಂಬೆಗೂ ಅದರ ಹಿಂದಿನ ಗಿಡಗಳಿಗೂ ನಡುವೆ ಹೆಚ್ಚು ಅಂತರ ಇರಬೇಕು. ನಿಮ್ಮಿಂದ ಹಕ್ಕಿಗೆ 6 ಮೀಟರ್, ಹಕ್ಕಿಯಿಂದ ಹಿಂದಿನ ಪೊದೆಗೆ 20 ಮೀಟರ್ ಇದ್ದರೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್ 6.3 ಇದ್ದರೂ ಪೊದೆ ನುಣ್ಣನೆಯ ಹಸಿರಾಗಿ ಕರಗುತ್ತದೆ. ಪೊದೆ ಒಂದೇ ಮೀಟರ್ ಹಿಂದಿದ್ದರೆ ಎಷ್ಟು ದುಬಾರಿ ಲೆನ್ಸ್ ಇದ್ದರೂ ಎಲೆಗಳ ಗೋಜಲು ಉಳಿಯುತ್ತದೆ. ನೀರಿನ ಹಕ್ಕಿಗಳಿಗೆ ದಂಡೆಯಲ್ಲಿ ಮಲಗಿ, ಲೆನ್ಸನ್ನು ನೀರಿನ ಮಟ್ಟಕ್ಕೆ ತನ್ನಿ. ನಿಂತು ತೆಗೆದರೆ ಬಾತುಕೋಳಿಯ ಹಿಂದೆ ಕಂದು ನೀರಷ್ಟೇ ಬರುತ್ತದೆ. ಮಲಗಿ ತೆಗೆದರೆ ಎದುರು ದಡದ ಹಸಿರು ಬರುತ್ತದೆ, ಹಕ್ಕಿಯ ಕಣ್ಣಿಗೆ ಕಣ್ಣು ಸೇರುತ್ತದೆ. ಈ ಒಂದು ಬದಲಾವಣೆಯಷ್ಟು ಚಿತ್ರವನ್ನು ಎತ್ತುವುದು ಬೇರೆ ಯಾವುದೂ ಇಲ್ಲ. ತಂತಿಬೇಲಿ ಅಡ್ಡವಿದ್ದರೆ ಲೆನ್ಸಿನ ಮೂತಿಯನ್ನು ಬೇಲಿಗೆ ತಾಗುವಷ್ಟು ಹತ್ತಿರ ತಂದು ಅಪರ್ಚರ್ ಪೂರ್ತಿ ತೆರೆಯಿರಿ, ತಂತಿ ಮಾಯವಾಗುತ್ತದೆ. ತಂತಿಯ ಮೇಲೆ ಬಿಸಿಲು ಬಿದ್ದಿದ್ದರೆ ಮಾತ್ರ ಮಬ್ಬು ಉಳಿದೀತು, ಅಂಗೈಯಿಂದ ನೆರಳು ಮಾಡಿ.

ಕ್ಯಾಮೆರಾ ಸೆಟ್ಟಿಂಗ್

ರಾ ಫೈಲ್ (ಸೆನ್ಸರ್ ಹಿಡಿದ ಮಾಹಿತಿಯನ್ನು ಹಾಗೇ ಉಳಿಸುವ ಫೈಲ್), ನಿರಂತರ ಫೋಕಸ್ (ಎಎಫ್-ಸಿ ಅಥವಾ ಎಐ ಸರ್ವೋ), ಮ್ಯಾನುಯಲ್ ಮೋಡ್ ಜೊತೆ ಆಟೊ ಐಎಸ್‌ಒ. ಅಪರ್ಚರ್ ಮತ್ತು ಶಟರ್ (ಸೆನ್ಸರಿಗೆ ಬೆಳಕು ಬೀಳುವ ಕಾಲ) ನೀವು ಹಿಡಿದಿರುತ್ತೀರಿ, ಉಳಿದದ್ದನ್ನು, ಅಂದರೆ ಬೆಳಕಿಗೆ ಸೆನ್ಸರ್ ಎಷ್ಟು ಸ್ಪಂದಿಸಬೇಕೆಂಬ ಐಎಸ್‌ಒ ಅನ್ನು, ಕ್ಯಾಮೆರಾ ನೋಡಿಕೊಳ್ಳುತ್ತದೆ. ಶಟರ್ ವೇಗ ಕೂತ ಹಕ್ಕಿಗೆ 1/500 ಸೆಕೆಂಡ್, ಸದಾ ಕುಪ್ಪಳಿಸುವ ಸಣ್ಣ ಹಕ್ಕಿಗೆ 1/1000, ಹಾರುವ ದೊಡ್ಡ ಹಕ್ಕಿಗೆ 1/2000, ಹಾರುವ ಸಣ್ಣ ಹಕ್ಕಿಗೆ ಮತ್ತು ನೀರಿಗೆ ಧುಮುಕುವ ಮಿಂಚುಳ್ಳಿಗೆ 1/3200 ಅಥವಾ ಅದಕ್ಕಿಂತ ವೇಗ. ಐಎಸ್‌ಒ ಏರುತ್ತದೆಂದು ಹೆದರಿ ಶಟರ್ ಇಳಿಸಬೇಡಿ. ಕಾಳುಕಾಳಾದ ಚಿತ್ರವನ್ನು ಸಾಫ್ಟ್‌ವೇರ್ ಸರಿಪಡಿಸುತ್ತದೆ, ಅಲುಗಿದ ಚಿತ್ರವನ್ನು ಅಷ್ಟು ಚೆನ್ನಾಗಿ ಸರಿಪಡಿಸಲಾರದು.

ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸ ಹೋಗುವುದು ಬಿಳಿ ಮತ್ತು ಕಪ್ಪು ಹಕ್ಕಿಗಳಲ್ಲಿ. ಕಡುಹಸಿರಿನ ಮುಂದೆ ನಿಂತ ಬೆಳ್ಳಕ್ಕಿಯ ಗರಿಗಳು ಸುಣ್ಣ ಬಳಿದಂತೆ ಸುಟ್ಟುಹೋಗುತ್ತವೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಚಿತ್ರ ಎಷ್ಟು ಬೆಳ್ಳಗೆ ಬರಬೇಕೆಂದು ತಿದ್ದುವ ಸೆಟ್ಟಿಂಗ್) ಮೈನಸ್ 2/3ರಿಂದ ಮೈನಸ್ 1ಕ್ಕೆ ಇಳಿಸಿ. ಬೆಳ್ಳಗಿನ ಆಕಾಶದ ಎದುರಿನ ಹಕ್ಕಿ ಬರಿ ಕಪ್ಪು ಆಕಾರವಾಗುತ್ತದೆ. ಪ್ಲಸ್ 1ರಿಂದ ಪ್ಲಸ್ 1.7 ಕೊಡಿ. ಬೆಳಕು ಸ್ಥಿರವಾಗಿರುವಾಗ ಐಎಸ್‌ಒ ಕೂಡ ಕೈಯಲ್ಲೇ ನಿಲ್ಲಿಸಿದರೆ ಬೆಳ್ಳಕ್ಕಿ ಪೊದೆಯ ಮುಂದಿನಿಂದ ಆಕಾಶಕ್ಕೆ ಹಾರಿದರೂ ಎಕ್ಸ್‌ಪೋಷರ್ ಕದಲುವುದಿಲ್ಲ.

ಕಣ್ಣು ಗುರುತಿಸುವ ಫೋಕಸ್ ಇದ್ದರೆ ಬಳಸಿ, ಆದರೆ ಕೊಂಬೆಗಳ ನಡುವೆ ಅದು ಎಡವುತ್ತದೆ. ಅಲ್ಲಿ ಒಂದೇ ಸಣ್ಣ ಬಿಂದುವಿಗೆ ಬದಲಿಸಿ. 600 ಮಿ.ಮೀ., ಎಫ್ 6.3, 6 ಮೀಟರ್ ದೂರ ಅಂದರೆ ಫುಲ್‌ಫ್ರೇಮಿನಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 4 ಸೆಂ.ಮೀ. ಮಾತ್ರ. ಫೋಕಸ್ ರೆಕ್ಕೆಯ ಮೇಲೆ ಬಿದ್ದರೆ ಕಣ್ಣು ಹೋಯಿತೆಂದೇ ಲೆಕ್ಕ. ನಾಲ್ಕೈದು ಚಿತ್ರಗಳ ಸಣ್ಣ ಬರ್ಸ್ಟ್ ಹೊಡೆಯಿರಿ: ಹಕ್ಕಿಯ ಮೂರನೇ ರೆಪ್ಪೆ ಆಗಾಗ ಕಣ್ಣನ್ನು ಮುಚ್ಚುವುದರಿಂದ ಒಂದೆರಡರಲ್ಲಿ ಕಣ್ಣು ಮಂಕಾಗಿರುತ್ತದೆ. ಎಲೆಕ್ಟ್ರಾನಿಕ್ ಶಟರ್ ಸದ್ದು ಮಾಡುವುದಿಲ್ಲ ನಿಜ, ಆದರೆ ಅನೇಕ ಕ್ಯಾಮೆರಾಗಳಲ್ಲಿ ಸೆನ್ಸರನ್ನು ನಿಧಾನವಾಗಿ ಓದುವ ಕಾರಣ ಬಡಿಯುವ ರೆಕ್ಕೆ ಬಾಗಿದಂತೆ ಮೂಡುತ್ತದೆ. ಹಾರಾಟಕ್ಕೆ ಮೆಕ್ಯಾನಿಕಲ್ ಶಟರೇ ಲೇಸು.

ಹತ್ತಿರ ಹೋಗುವಾಗ

ನೇರವಾಗಿ ಹಕ್ಕಿಯತ್ತ ನಡೆಯಬೇಡಿ. ಪಕ್ಕಕ್ಕೆ ಹೋಗುತ್ತಿರುವವರಂತೆ ಓರೆಯಾಗಿ ನಾಲ್ಕು ಹೆಜ್ಜೆ, ನಿಲ್ಲಿ, ಮತ್ತೆ ನಾಲ್ಕು ಹೆಜ್ಜೆ. ಮೇಯುವುದನ್ನು ನಿಲ್ಲಿಸಿತು, ಕತ್ತು ಉದ್ದ ಮಾಡಿತು, ಮೈ ಕುಗ್ಗಿಸಿ ಮುಂದಕ್ಕೆ ಬಾಗಿತು ಎಂದರೆ ನೀವು ಮಿತಿ ದಾಟಿದ್ದೀರಿ. ಎರಡು ಹೆಜ್ಜೆ ಹಿಂದೆ ಬನ್ನಿ. ಕೂಗಿನ ಧ್ವನಿಮುದ್ರಣ ಹಾಕಿ ಕರೆಯುವುದು, ಬ್ರೆಡ್ ಎಸೆಯುವುದು, ಗೂಡಿನ ಸುತ್ತಲಿನ ಎಲೆ ಕೀಳುವುದು ಬೇಡವೇ ಬೇಡ. ಎಲೆಯ ಮರೆ ಹೋದ ಗೂಡು ಬಿಸಿಲಿಗೂ ಕಾಗೆಗೂ ತೆರೆದುಕೊಳ್ಳುತ್ತದೆ. ಗೂಡಿನ ಚಿತ್ರವನ್ನು ಹಂಚಿಕೊಳ್ಳುವುದಾದರೆ ಮೊದಲು ಅದರಲ್ಲಿರುವ ಜಿಪಿಎಸ್ ಮಾಹಿತಿ ತೆಗೆದುಹಾಕಿ.

ಮಧ್ಯಾಹ್ನ ಮತ್ತು ಸಂಜೆ

ಬಿಸಿಲೇರಿದ ಮೇಲೆ ದೂರದ ಹಕ್ಕಿಗಳನ್ನು ಬಿಟ್ಟುಬಿಡಿ. ಕಾದ ಕಾಂಕ್ರೀಟ್ ಹಾದಿಯ ಮೇಲೆ ಗಾಳಿ ನಡುಗುವುದರಿಂದ ಯಾವ ಲೆನ್ಸ್‌ನಿಂದಲೂ 30 ಮೀಟರ್ ಆಚೆಯ ಗರಿ ಬಿಡಿಬಿಡಿಯಾಗಿ ಬರುವುದು ಕಷ್ಟ. ಆ ಹೊತ್ತಿಗೆ ನೆರಳಿನಲ್ಲಿ ನೀರು ಜಿನುಗುವ ನಲ್ಲಿ, ಸ್ಪ್ರಿಂಕ್ಲರ್ ನೀರು ನಿಂತ ಗುಂಡಿಗಳ ಬಳಿ ಕೂರಿ. ಸಣ್ಣ ಹಕ್ಕಿಗಳು ಮೀಯಲು ಬರುತ್ತವೆ. ಎಲೆಗಳ ನೆರಳಿನಲ್ಲಿ ಬಣ್ಣ ಹಸಿರಿಗೆ ತಿರುಗುತ್ತದೆ, ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸ್ ಬದಲಿಸಿದರೆ ಸರಿಹೋಗುತ್ತದೆ. ಮೋಡ ಕವಿದ ದಿನವಾದರೆ ಈ ಯಾವ ಲೆಕ್ಕವೂ ಇಲ್ಲ, ದಿನವಿಡೀ ತೆಗೆಯಬಹುದು. ಸಂಜೆ ಬೆಳಗಿನ ಜಾಗಕ್ಕೆ ಎದುರು ದಡಕ್ಕೆ ಹೋಗಿ, ಸೂರ್ಯ ದಿಕ್ಕು ಬದಲಿಸಿರುತ್ತಾನೆ.

ಮಸುಕಾಗಿದ್ದೇಕೆ?

ಮನೆಗೆ ಬಂದು ಚಿತ್ರವನ್ನು 100 ಶೇಕಡಾಕ್ಕೆ ಹಿಗ್ಗಿಸಿ ಕಣ್ಣನ್ನು ನೋಡಿ. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಕೊಂಬೆ ಸ್ಪಷ್ಟವಿದ್ದು ಹಕ್ಕಿ ಮಾತ್ರ ಎಳೆದಂತಿದ್ದರೆ ಹಕ್ಕಿ ಅಲುಗಿದೆ, ಶಟರ್ ಏರಿಸಬೇಕಿತ್ತು. ಹಿಂದಿನ ಎಲೆಯೋ ಮುಂದಿನ ಹುಲ್ಲೋ ಸ್ಪಷ್ಟವಿದ್ದರೆ ಫೋಕಸ್ ತಪ್ಪಿದೆ. ಎಲ್ಲೂ ಸ್ಪಷ್ಟತೆ ಇಲ್ಲದೆ ಅಂಚುಗಳು ಅಲೆಅಲೆಯಾಗಿದ್ದರೆ ಅದು ಬಿಸಿಗಾಳಿ. ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಪ್ರತಿ ಸಲವೂ ಫೋಕಸ್ ಒಂದೇ ಕಡೆಗೆ, ಉದಾಹರಣೆಗೆ ಹಿಂದಕ್ಕೇ ಬೀಳುತ್ತಿದ್ದರೆ ಮೆನುವಿನಲ್ಲಿ ಎಎಫ್ ಫೈನ್ ಟ್ಯೂನ್ (ಫೋಕಸನ್ನು ಸ್ವಲ್ಪ ಹಿಂದೆ-ಮುಂದೆ ಸರಿಸುವ ಸೌಲಭ್ಯ) ಇದೆಯೇ ನೋಡಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ಅಕ್ಷರಗಳಿರುವ ರಟ್ಟಿನ ಡಬ್ಬಿಯೊಂದರ ಮೇಲೆ ಪರೀಕ್ಷಿಸಿ, ಎರಡೆರಡು ಅಂಕ ಬದಲಿಸುತ್ತ ಹೋಲಿಸಿ.